ಗಾಳಿಯಲ್ಲಿ ಮೂರು ಸುತ್ತು

ದೃಷ್ಟಿ ತೆಗೆದು ಒಲೆಗೆ ಹಾಕಿದ ಒಣಮೆಣಸಿನಕಾಯಿ ಘಾಟು ಕೊಡದಿರಲು ಕಾರಣವೇನು?

ಹೊಳಲ್ಕೆರೆಯ ಪ್ರೌಢಶಾಲೆಯೊಂದರ ವಿಜ್ಞಾನದ ಮೇಷ್ಟರಾದ ಶಿವಕುಮಾರಪ್ಪನವರಿಗೆ ಉತ್ತರ ಹೊಳೆಯದೆ ಉಳಿದಿದ್ದ ಪ್ರಶ್ನೆ ಜಗತ್ತಿನಲ್ಲಿ ಇದೊಂದೇ. ಗ್ರಹಣದ ಹೊತ್ತಿನಲ್ಲಿ ಉಂಡರೆ ಏನಾಗುತ್ತದೆ, ಹಲ್ಲಿ ಲೊಚಗುಡುವುದು ಯಾರ ಮಾತಿಗೆ, ಬೆಕ್ಕು ಅಡ್ಡ ಬಂದರೆ ನಷ್ಟ ಬೆಕ್ಕಿಗೋ ನಮಗೋ, ಇವಕ್ಕೆಲ್ಲ ಅವರ ಬಳಿ ಉತ್ತರವಿತ್ತು. ಕೇಳಿದವರಿಗೆ ಕೊಡುತ್ತಿದ್ದರು, ಕೇಳದವರನ್ನು ಹಿಡಿದು ನಿಲ್ಲಿಸಿ ಕೊಡುತ್ತಿದ್ದರು. ಅವರ ಮನೆ ಇರುವುದು ಮೂರು ದಾರಿ ಕೂಡುವ ಮೂಲೆಯಲ್ಲಿ. ಯಾರೋ ನಿವಾಳಿಸಿ ಅಲ್ಲಿ ಎಸೆದು ಹೋಗಿದ್ದ ನಿಂಬೆಹಣ್ಣನ್ನು ಒಮ್ಮೆ ಎತ್ತಿ, ತೊಳೆದು, ಎದುರಿನ ಮಂಜಣ್ಣನ ಕಿರಾಣಿ ಅಂಗಡಿಯ ಮುಂದೆ ಹತ್ತಾರು ಜನ ನೋಡುತ್ತಿರುವಂತೆ ಶರಬತ್ತು ಮಾಡಿ ಕುಡಿದ ಧೀರರು ಅವರು! ಮರುದಿನ ತಾವಿನ್ನೂ ಬದುಕಿರುವುದನ್ನು ತೋರಿಸಲೆಂದೇ ಅದೇ ಅಂಗಡಿಗೆ ಹೋಗಿ ಬೇಡದ ಬೆಂಕಿಪೊಟ್ಟಣ ಕೊಂಡು ಬಂದಿದ್ದರು.

ಆದರೆ ಮೆಣಸಿನಕಾಯಿಯ ವಿಷಯ ಬಂದಾಗ ಧೀರರು ತುಸು ತಣ್ಣಗಾಗುತ್ತಿದ್ದರು. ತಾಯಿ ತೀರಿಹೋದಾಗ ಅವರಿನ್ನೂ ಅಂಬೆಗಾಲಿಡುತ್ತಿದ್ದ ಕೂಸು. ತಾಯಿಯ ಅಕ್ಕ ಬೋರಕ್ಕ, ಹೊರಕೆರೆದೇವಪುರದ ಕಡೆಯ ತಮ್ಮ ಕುರಿಹಟ್ಟಿಯಲ್ಲಿ, ಮರಿಗಳ ಜೊತೆಗೆ ಈ ಮರಿಯನ್ನೂ ಸಾಕಿದರು. ಸಂಜೆಯಾದರೆ ಹುಡುಗನನ್ನು ಒಲೆಯ ಮುಂದೆ ಕೂರಿಸಿ, ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ಹಿಡಿದು, ತಲೆಯ ಸುತ್ತ ಗಾಳಿಯಲ್ಲಿ ಮೂರು ಸುತ್ತು ತಿರುಗಿಸಿ ಒಲೆಗೆ ಎಸೆಯುತ್ತಿದ್ದರು. ಉಪ್ಪು ಚಟಚಟ ಸಿಡಿಯುತ್ತಿತ್ತು. ಘಾಟು? ಸುಳಿವೇ ಇಲ್ಲ!

"ನೋಡ್ದೇನೋ? ಒಂದು ಕೆಮ್ಮಾದ್ರೂ ಬಂತಾ? ಅಷ್ಟು ದೃಷ್ಟಿ ಕುಂತಿತ್ತು ನಿನ್ಮ್ಯಾಲೆ!" ಎನ್ನುತ್ತಿದ್ದರು ದೊಡ್ಡವ್ವ.

ಅದೇ ಒಲೆಯ ಮೇಲೆ ಅದೇ ಮೆಣಸಿನಕಾಯಿ ಒಗ್ಗರಣೆಗೆ ಬಿದ್ದರೆ ಇಡೀ ಹಟ್ಟಿ ಕೆಮ್ಮುತ್ತಿತ್ತು. ಬಿ.ಎಸ್ಸಿ. ಓದುವಾಗ ಶಿವಕುಮಾರಪ್ಪನವರು ಈ ಸಮಸ್ಯೆಯ ಮೇಲೆ ಸಿದ್ಧಾಂತಗಳ ಮಳೆಯನ್ನೇ ಸುರಿಸಿದರು. ಒಲೆಯ ಉಷ್ಣಾಂಶ ಅಂದರು. ಕಾಯಿಯ ತೇವಾಂಶ ಅಂದರು. ಗಾಳಿಯ ದಿಕ್ಕು ಅಂದರು. ಯಾವುದೂ ನಿಲ್ಲಲಿಲ್ಲ. ಸ್ವಂತ ಕಣ್ಣಿನಿಂದ ಕಂಡ, ಸ್ವಂತ ಮೂಗಿನಿಂದ ಪರೀಕ್ಷಿಸಿದ ಸಂಗತಿಯನ್ನು ವಿಜ್ಞಾನದ ಮನುಷ್ಯ ಅಲ್ಲಗಳೆಯುವುದಾದರೂ ಹೇಗೆ? ‘ಬಾಕಿ ಪ್ರಶ್ನೆ’ ಎಂದು ಮನಸ್ಸಿನ ಮೂಲೆಗೆ ತಳ್ಳಿ, ಮೇಲೊಂದು ಗೋಣಿಚೀಲ ಮುಚ್ಚಿದರು.

ಇಂಥವರು ಒಂದು ಆಷಾಢದಲ್ಲಿ ಪ್ರತಿಜ್ಞೆ ಮಾಡಿದರು. ಕಾರಣ, ಹೃದಯ. ಕರಿಹಲಗೆಯ ಮೇಲೆ ಮಾನವನ ಹೃದಯವನ್ನು ಬಿಡಿಸಿ, ಬೆವರು ಒರೆಸಿಕೊಂಡು ತಿರುಗಿದಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ತುಂಬ ಭಕ್ತಿಯಿಂದ ಕೇಳಿದ್ದಳು: "ಸಾರ್, ಈ ಬದನೆಕಾಯಿಗೆ ಪೈಪು ಯಾಕೆ ಅವೆ?"

ಆ ರಾತ್ರಿ ಊಟಕ್ಕೆ ಕುಳಿತಾಗ ಮೇಷ್ಟರು ಮುದ್ದೆ ಮುರಿಯುವ ಮೊದಲು ಘೋಷಿಸಿದರು: "ಚಿತ್ರ ಬರೆಯೋದು ದೇವರು ಕೊಟ್ಟ ವರ ಅಂತಾರಲ್ಲ, ಶುದ್ಧ ಸುಳ್ಳು! ಅದರಾಗೆ ಇರೋದು ಮೂರೇ ಪದಾರ್ಥ. ಗೆರೆ, ದೀರ್ಘವೃತ್ತ, ಡಬ್ಬ. ಮಿಕ್ಕಿದ್ದೆಲ್ಲ ಸ್ನಾಯುಗಳ ಅಭ್ಯಾಸ. ದಸರಾ ರಜೆಯೊಳಗೆ ನಾನು ಬರೆದ ಹೃದಯ ಹಲಗೆ ಮೇಲೆ ಬಡ್ಕಳ್ಳದಿದ್ರೆ ಕೇಳು!"

ಹೆಂಡತಿ ಮೀನಾಕ್ಷಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವಾಕೆ. ಮಾತಿನ ಡೋಸು ಅಳೆದು ಕೊಡುವುದು ಅವಳಿಗೆ ವೃತ್ತಿಯಿಂದ ಬಂದ ಗುಣ. "ಅದು ಬಡ್ಕಳ್ಳೋದು ಆಮೇಲಾಗ್ಲಿ. ಅದನ್ನ ನೋಡಿದ ಮಕ್ಕಳ ಹೃದಯ ನಿಲ್ಲದಿದ್ರೆ ಸಾಕು," ಎಂದು ಸಾರು ಬಡಿಸಿದಳು. ಪಕ್ಕದಲ್ಲಿ ಉಣ್ಣುತ್ತಿದ್ದ ದೊಡ್ಡವ್ವ ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. ಹಟ್ಟಿ ಬಿಟ್ಟು ಹೊಳಲ್ಕೆರೆಗೆ ಬಂದು ಇವರ ಜೊತೆಗಿದ್ದ ಬೋರಕ್ಕ ಮಾತಿಗಿಂತ ನೋಟದಲ್ಲಿ ನಂಬಿಕೆಯುಳ್ಳವರು. ಕುರಿಯ ಕಣ್ಣು ನೋಡಿ ರೋಗ ಹೇಳಿದ ಆ ಕಣ್ಣುಗಳು ಮನುಷ್ಯರನ್ನೂ ಹಾಗೇ ಅಳೆಯುತ್ತಿದ್ದವು.

ಶಾಲೆಯ ಚಿತ್ರಕಲಾ ಶಿಕ್ಷಕ ದಿಲಾವರ್ ಗುರುವಾಗಲು ಒಪ್ಪಿದ. ತಾತನ ಕಾಲದಿಂದ ಗಾಡಿಗೆ, ಪೆಟ್ಟಿಗೆಗೆ, ಅಂಗಡಿಯ ಬೋರ್ಡಿಗೆ ಬಣ್ಣ ಬರೆಯುವ ಮನೆತನ ಅವನದು.

"ಸಾರ್, ಹೃದಯ-ಗಿದಯ ಮರ್ತುಬಿಡಿ. ಮೊದ್ಲು ಗೆರೆ. ಆಮೇಲೆ ಮೊಟ್ಟೆ ಆಕಾರ. ಆಮೇಲೆ ಡಬ್ಬ. ಮಣಿಕಟ್ಟು ಆಡಬಾರ್ದು, ಕೈ ಭುಜದಿಂದ ಬರ್ಬೇಕು. ಪೆನ್ನು ಕಾಗದಕ್ಕೆ ತಾಗೋ ಮುಂಚೆ ಗಾಳೀಲಿ ಮೂರು ಸುತ್ತು ಆಡಿಸಿ. ಕೈಗೆ ದಾರಿ ಗೊತ್ತಾದ್ಮೇಲೆ ಸೀದಾ ಇಳ್ಸಿ. ರಬ್ಬರ್ ಮುಟ್ಟಬೇಡಿ. ಹಾಳೆ ಮುಗೀತಾ? ಆಚೆ ಹಾಕಿ, ತಿರುಗಿ ನೋಡ್ಬೇಡಿ! ತಿರುಗಿ ನೋಡಿದ್ರೆ ಕೈ ಹೆದರ್ತದೆ."

ಈ ಉಪದೇಶದ ಒಂದೊಂದು ಮಾತೂ ಮುಂದೆ ಒಂದೊಂದು ಕಂಟಕವಾದೀತೆಂದು ಪಾಪ ದಿಲಾವರನಿಗೇನು ಗೊತ್ತು?

ಮರುದಿನ ಸಂಜೆ ಪಡಸಾಲೆಯಲ್ಲಿ ಸಾಧನೆ ಶುರುವಾಯಿತು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಬೋರಲು ಹಾಕಿ, ಬಲಗೈಯನ್ನು ಒನಕೆಯಂತೆ ಬಿಗಿದು, ಭುಜದಿಂದ ಅತ್ತ ಇತ್ತ ಆಡಿಸುತ್ತ ಕುಳಿತರು. ಏಕಾಗ್ರತೆಯಿಂದ ಬಾಯಿ ತುಸು ತೆರೆದಿತ್ತು. ಆಸ್ಪತ್ರೆಯಿಂದ ಬಂದ ಮೀನಾಕ್ಷಿ ಬಾಗಿಲಲ್ಲೇ ಚೀಲ ಕೈಬಿಟ್ಟಳು.

"ಏನ್ರಿ! ಇತ್ತ ನೋಡ್ರಿ! ನಗ್ರಿ!"

"ಯಾಕೆ?"

"ಪ್ರಶ್ನೆ ಬ್ಯಾಡ, ಮೊದ್ಲು ನಗ್ರಿ. ಲಕ್ವ ಹೊಡೆದು ಬಾಯಿ ಸೊಟ್ಟ ಹೋಗೈತಾ ನೋಡ್ಬೇಕು. ನಾಲಿಗೆ ಹೊರಗೆ ಹಾಕ್ರಿ. ಎರಡೂ ಕೈ ಮ್ಯಾಲಕ್ಕೆತ್ರಿ!"

ಹೆಂಡತಿಯ ಗಾಬರಿಗೆ ಗಾಬರಿಯಾಗಿ ಮೇಷ್ಟರು ನಕ್ಕರು, ನಾಲಿಗೆ ಚಾಚಿದರು, ಎರಡೂ ಕೈಯನ್ನು ಆಕಾಶಕ್ಕೆತ್ತಿದರು. ಸರಿಯಾಗಿ ಆ ಮುಹೂರ್ತಕ್ಕೆ ಪೇಪರು ಹಿಂದಿರುಗಿಸಲು ಬಂದ ಮಂಜಣ್ಣ ಹೊಸ್ತಿಲ ಮೇಲೆ ನಿಂತಿದ್ದ! ಚಾಚಿದ ನಾಲಿಗೆ, ಅರಳಿದ ಕಣ್ಣು, ಎತ್ತಿದ ಕೈ, ಮುಂದೆ ಭಯಭಕ್ತಿಯಿಂದ ಬಗ್ಗಿ ನೋಡುತ್ತಿರುವ ಹೆಂಡತಿ. ಮಂಜಣ್ಣ ಪೇಪರನ್ನು ಹೊಸ್ತಿಲ ಮೇಲಿಟ್ಟ. ಯಾಕೋ ಏನೋ, ಕೈಯನ್ನೂ ಮುಗಿದ. ಹಾಗೇ ಹಿಂದೆ ಹಿಂದೆ ನಡೆದು ಹೋದ.

ಗೆರೆಯ ವಾರ ಕಳೆದು ದೀರ್ಘವೃತ್ತದ ವಾರ ಬಂತು. ಕಾಗದದಿಂದ ನಾಲ್ಕು ಬೆರಳು ಮೇಲೆ ಮೇಷ್ಟರ ಕೈ ದುಂಡಗೆ ಸುತ್ತತೊಡಗಿತು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು, ಥಟ್ಟನೆ ಕೆಳಕ್ಕೆ! ಎದುರಿಗೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ ದೊಡ್ಡವ್ವನ ಬೆರಳು ನಿಂತಿತು.

"ಶಿವಾ, ಏನೋ ಅದು?"

"ಅಭ್ಯಾಸ, ದೊಡ್ಡವ್ವ."

"ಕಾಗದದ ಮ್ಯಾಲೆ ಏನೂ ಬೀಳ್ತಿಲ್ಲ, ಕೈ ಮಾತ್ರ ಸುತ್ತುತಾ ಐತೆ. ಗಾಳೀಲಿ ಕೈ ಸುತ್ತಿದ್ರೆ ಏನಾಗ್ತೈತೋ?"

ಪಿಯುಸಿ ಓದುವಾಗ ಇದೇ ಮಾತನ್ನು ಒಲೆಯ ಮುಂದೆ ಕುಳಿತು ತಾವೇ ದೊಡ್ಡವ್ವನಿಗೆ ಕೇಳಿದ್ದು ಮೇಷ್ಟರಿಗೆ ನೆನಪಾಯಿತು. ಆಗ ಆಕೆ ಉತ್ತರ ಕೊಟ್ಟಿರಲಿಲ್ಲ. ಈಗ ಇವರು ಕೊಟ್ಟರು, ಕೊಡದಿದ್ದರೆ ಚೆನ್ನಾಗಿತ್ತು.

"ಮೊದ್ಲು ಗಾಳೀಲಿ ಮೂರು ಸುತ್ತು, ದೊಡ್ಡವ್ವ. ರೂಪ ಮನಸ್ಸಿಗೆ ಬಂದ್ಮ್ಯಾಲೆ ಕೆಳಕ್ಕೆ ಇಳಿಸಬೇಕು. ಮುಗಿದ್ಮ್ಯಾಲೆ ಆಚೆ ಹಾಕಬೇಕು. ತಿರುಗಿ ನೋಡಬಾರ್ದು. ಗುರುಗಳು ಹೇಳವ್ರೆ."

"ಯಾವ ಗುರುಗಳು?"

"ಇದ್ದಾರೆ ಒಬ್ರು." ದಿಲಾವರ್ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಆ ಕ್ಷಣ ಮೇಷ್ಟರ ಕೈಗೆ ದಾರಿ ಗೊತ್ತಾಗುತ್ತಿತ್ತು, ಬಾಯಿಗೆ ಗೊತ್ತಾಗಲಿಲ್ಲ.

ದೊಡ್ಡವ್ವ ಅವರ ಮುಖವನ್ನು ದಿಟ್ಟಿಸಿದರು. "ನೀನು ಹಿಂಗಾಗ್ತೀಯ ಅಂತ ನಾನು ಕನಸಿನಾಗೂ ಅನ್ಕಂಡಿರ್ಲಿಲ್ಲ ಕಣೋ," ಎಂದು ಮೊರ ಎತ್ತಿಕೊಂಡು ಒಳಗೆ ಹೋದರು.

ಅಂದಿನಿಂದ ಮನೆಯಲ್ಲಿ ಸಂಶಯದ ಹೊಗೆ ಎದ್ದಿತು. ದೊಡ್ಡವ್ವ ಇವರನ್ನು ಗಮನಿಸುತ್ತಿದ್ದರು. ದೊಡ್ಡವ್ವ ಗಮನಿಸುವುದನ್ನು ಇವರು ಗಮನಿಸುತ್ತಿದ್ದರು. ಅಂಗಿ ಒಗೆಯಲು ಹಾಕಿದರೆ ಆಕೆ ಜೇಬಿನೊಳಗೆ ಬೆರಳಾಡಿಸಿ ಬೆರಳ ತುದಿ ಮೂಸಿ ನೋಡುತ್ತಿದ್ದರು. ಸ್ನಾನ ಮಾಡಿ ಬಂದರೆ ತೋಳನ್ನೂ ಸೊಂಟವನ್ನೂ ಕಣ್ಣಿನಿಂದಲೇ ತಡಕುತ್ತಿದ್ದರು. ಅಡುಗೆಮನೆಯಲ್ಲಿ ಬೆಳಿಗ್ಗೆಗೊಮ್ಮೆ ಸಂಜೆಗೊಮ್ಮೆ ನಿಂಬೆಹಣ್ಣು ಎಣಿಸುತ್ತಿದ್ದರು. ಶಾಲೆಯಿಂದ ತಡವಾದರೆ, "ಎಲ್ಲಿಗೆ ಹೋಗಿದ್ದೆ? ಯಾರ ತಾವ?" ಎಂಬ ವಿಚಾರಣೆ.

ಮೇಷ್ಟರು ಸಾಕ್ಷ್ಯಾಧಾರಗಳನ್ನು ಕ್ರಮವಾಗಿ ಜೋಡಿಸಿ ಒಂದು ರಾತ್ರಿ ಹೆಂಡತಿಯ ಮುಂದಿಟ್ಟರು: "ಮೀನಾ, ಇರೋದು ಒಂದೇ ತೀರ್ಮಾನ. ನಾನು ಮಾಟ ಮಾಡಿಸ್ತಿದ್ದೀನಿ ಅಂತ ದೊಡ್ಡವ್ವ ತಿಳ್ಕಂಡೈತೆ. ಅದೂ ಅವಳ ಮ್ಯಾಲೇ! ಸಾಕಿ ಬೆಳೆಸಿದವಳು ನನಗೆ ಹೆದರ್ತಾ ಅವಳೆ!"

"ಹೋಗಿ ಬಿಡಿಸಿ ಹೇಳ್ರಿ ಮತ್ತೆ."

"ಬಾಯಿ ಮಾತಲ್ಲಿ ಮೂಢನಂಬಿಕೆ ಹೋಗಲ್ಲ. ಪ್ರತ್ಯಕ್ಷ ತೋರಿಸ್ಬೇಕು. ನಾನೊಂದು ಒಳ್ಳೆ ಚಿತ್ರ ಬರೆದು ಕೈಗೆ ಕೊಟ್ರೆ ತಾನೇ ತಿಳ್ಕಂತಾಳೆ."

"ಹಂಗಾದ್ರೆ ಆಯಮ್ಮ ಇನ್ನೂ ಬಾಳ ವರ್ಷ ಹೆದರ್ಬೇಕಾಗ್ತೈತೆ," ಎಂದು ಮೀನಾಕ್ಷಿ ದೀಪ ಆರಿಸಿದಳು.

ಪ್ರತ್ಯಕ್ಷ ಚಿತ್ರಕ್ಕೆ ಪ್ರತ್ಯಕ್ಷ ವಸ್ತು ಬೇಡವೆ? "ದುಂಡಗಿರೋ ಸಾಮಾನು ಎದುರಿಗಿಟ್ಕೊಳ್ಳಿ ಸಾರ್," ಎಂದು ದಿಲಾವರ್ ಹೇಳಿದ್ದ. "ಬೇಕಿದ್ರೆ ಅದರ ಮೇಲೇ ಕೆಂಪು ಪೆನ್ನಲ್ಲಿ ಸುತ್ತಾ ಗೆರೆ ಎಳೆದು ನೋಡಿ. ಉಬ್ಬು ಎಲ್ಲೈತೆ ಅಂತ ಕಣ್ಣಿಗೆ ತಿಳೀತದೆ." ಮೇಷ್ಟರು ಚೀಲ ಹಿಡಿದು ಸಂತೆಗೆ ಹೋದರು. ದೀರ್ಘವೃತ್ತದ ದೃಷ್ಟಿಯಿಂದ ಇಡೀ ಸಂತೆಯನ್ನು ಪರಿಶೀಲಿಸಿ, ಅತ್ಯುತ್ತಮ ಮಾದರಿಗಳನ್ನು ಆಯ್ದರು. ನಿಂಬೆಹಣ್ಣು. ನಾಟಿಕೋಳಿ ಮೊಟ್ಟೆ. ಜುಟ್ಟು ಇರುವ ತೆಂಗಿನಕಾಯಿ. ಕಳಶಪ್ರಾಯವಾಗಿ ಒಂದು ಬೂದುಗುಂಬಳ! ಅಂದು ಭೀಮನ ಅಮಾವಾಸ್ಯೆ ಎಂಬ ಸಣ್ಣ ವಿವರ ಅವರ ಗಮನಕ್ಕೆ ಬರಲಿಲ್ಲ. ವಿಜ್ಞಾನಕ್ಕೆ ಅಮಾವಾಸ್ಯೆ ಏನು, ಹುಣ್ಣಿಮೆ ಏನು?

ಪಡಸಾಲೆಯಲ್ಲಿ ಅವನ್ನು ಸಾಲಾಗಿ ಜೋಡಿಸಿ, ಒಂದೊಂದರ ಮೇಲೂ ಕೆಂಪು ಸ್ಕೆಚ್ ಪೆನ್ನಿನಿಂದ ಸುತ್ತುಗೆರೆ ಎಳೆದರು. ಸುತ್ತಲೂ ಆ ವಾರದ ಪಾಠವಾದ ಡಬ್ಬಗಳ ಹಾಳೆಗಳು ಹರಡಿದ್ದವು. ಪ್ರತಿ ಡಬ್ಬದ ಅಂಚುಗಳನ್ನು ಕೆಂಪಿನಲ್ಲಿ ಉದ್ದಕ್ಕೆ ಎಳೆದು ದೂರದಲ್ಲಿ ಒಂದೆಡೆ ಕೂಡುತ್ತವೆಯೇ ಎಂದು ಪರೀಕ್ಷಿಸಿದ ಹಾಳೆಗಳು. ಕೂಡಿರಲಿಲ್ಲ. ಆದರೆ ನೋಡಿದವರ ಎದೆ ಝಲ್ಲೆನ್ನುವಂತಿದ್ದವು.

ಪೂಜೆಗೆ ಕರೆಯಲು ಬಂದ ಮೀನಾಕ್ಷಿ ಸೊಂಟಕ್ಕೆ ಕೈಯಿಟ್ಟು ನಿಂತಳು. "ಹೆಂಡ್ತಿ ಗಂಡನ ಪಾದಪೂಜೆ ಮಾಡೋ ದಿನ ಇದು. ಇಲ್ಲಿ ನೋಡಿದ್ರೆ ಗಂಡನೇ ಕುಂಬಳಕಾಯಿ ಪೂಜೆ ಮಾಡ್ತಾ ಕುಂತವ್ನೆ!"

ಮೇಷ್ಟರು ಉತ್ತರಿಸಲು ಕುಂಬಳಕಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಎದ್ದರು. ಅಷ್ಟರಲ್ಲಿ ಬಂತು ಆಷಾಢದ ಗಾಳಿ! ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ತಿರುಗಿಸಿ ಸಾಲದೆ ಊರೊಳಗೆ ನುಗ್ಗುವ ಆ ಗಾಳಿ ಪಡಸಾಲೆಗೆ ಬಂದು, ಡಬ್ಬಗಳನ್ನೆಲ್ಲ ಬಾಚಿಕೊಂಡು ಬಾಗಿಲಾಚೆ ಹಾರಿತು. ಹಾಳೆಗಳ ಹಿಂದೆ ಮೇಷ್ಟರು, ಮೇಷ್ಟರ ಕಂಕುಳಲ್ಲಿ ಕುಂಬಳಕಾಯಿ. ಮೂರು ದಾರಿಯ ಸರಿ ನಡುವೆ, ಊರಿನ ನಕಾಶೆಯಲ್ಲಿ ಸೂಜಿ ಚುಚ್ಚಿ ಗುರುತಿಸಿದಂಥ ಜಾಗದಲ್ಲಿ, ಕುಂಬಳಕಾಯಿ ಜಾರಿತು. ಢಬ್!

ಹೊಸದುರ್ಗದ ಬಸ್ಸು ಕೀರಲುಗುಟ್ಟಿ ನಿಂತಿತು. ಚಾಲಕ ಕಿಟಕಿಯಿಂದ ತಲೆ ಹಾಕಿ ನೋಡಿದ. ಅಮಾವಾಸ್ಯೆ, ಕೆಂಪು ಗೆರೆಯ ಕುಂಬಳಕಾಯಿ ಎರಡು ಹೋಳು, ಸುತ್ತ ಕೆಂಪು ಗೆರೆಯ ಚೌಕಗಳು. ಅವನು ಇಂಜಿನ್ ಆರಿಸಿದ.

"ಇದರ ಮ್ಯಾಲೆ ಗಾಡಿ ಹತ್ಸಲ್ಲಪ್ಪ ನಾನು. ಮನೆ-ಮಕ್ಳು ಇರೋನು."

ಬಸ್ಸಿನ ಹಿಂದೆ ಆಟೋ, ಆಟೋದ ಹಿಂದೆ ಅಡಿಕೆ ಹೇರಿದ ಟ್ರಾಕ್ಟರು, ಅದರ ಹಿಂದೆ ಜಗತ್ತು. ಮಂಜಣ್ಣ ಅಂಗಡಿಯಿಂದ ಇಳಿದು ಬಂದು ಸುರಕ್ಷಿತ ದೂರದಲ್ಲಿ ನಿಂತ.

"ಮೇಷ್ಟ್ರೇ, ನೀವೂನಾ?"

"ಇದು ಚಿತ್ರಕಲೆ ಮಂಜಣ್ಣ!"

"ಗೊತ್ತು ಬಿಡ್ರಿ. ಅವತ್ತೇ ನೋಡ್ದೆ, ನಾಲಿಗೆ ಹೊರಗೆ ಹಾಕಿದ್ರಲ್ಲ. ಮೈಮ್ಯಾಲೆ ಬಂದಿತ್ತು. ನಾನು ಯಾರ್ಗೂ ಹೇಳಿಲ್ಲ," ಎಂದ ಮಂಜಣ್ಣ, ಇಡೀ ಬಸ್ಸಿಗೆ ಕೇಳುವಂತೆ.

"ಅಯ್ಯೋ, ಇದು ಮಾಟದ ಯಂತ್ರ ಅಲ್ರಪ್ಪ, ಡಬ್ಬ! ಬರೀ ಪೆಟ್ಟಿಗೆ!" ಎಂದು ಮೇಷ್ಟರು ಒಂದು ಹಾಳೆ ಎತ್ತಿ ಆಡಿಸಿದರು.

"ಯಾರಿಗೆ ಸಾರ್ ಪೆಟ್ಟಿಗೆ?" ಎಂದಿತು ಬಸ್ಸಿನ ಹಿಂದಿನ ಸೀಟಿನ ದನಿಯೊಂದು. ಜನ ಎರಡು ಹೆಜ್ಜೆ ಹಿಂದೆ ಸರಿದರು. ನಿಂಬೆಹಣ್ಣಿನ ಶರಬತ್ತು ಕುಡಿದು ಗಳಿಸಿದ ಕೀರ್ತಿ ಕುಂಬಳಕಾಯಿಯ ತಿರುಳಿನ ಜೊತೆ ರಸ್ತೆಯಲ್ಲಿ ಚೆಲ್ಲಿಹೋಗಿತ್ತು.

ಆಗ ಮನೆಯಿಂದ ದೊಡ್ಡವ್ವ ಹೊರಬಂದರು. ಒಂದು ಕೈಯಲ್ಲಿ ಪೊರಕೆ, ಒಂದು ಕೈಯಲ್ಲಿ ಮೊರ. ನೆರೆದವರು ದಾರಿ ಬಿಟ್ಟರು. ಆಕೆ ಸೀದಾ ನಡುವಿಗೆ ನಡೆದು, ಅವೆರಡನ್ನೂ ಕೆಳಗಿಟ್ಟು, ಬರಿಗೈಯಲ್ಲಿ ಹಾಳೆಗಳನ್ನು ಬಾಚಿ ಮುದ್ದೆ ಮಾಡಿ ಕಂಕುಳಿಗೆ ಸಿಕ್ಕಿಸಿದರು. ಚೂರುಗಳನ್ನು ಗುಡಿಸಿದರು. ಮಣ್ಣಾಗದ ದೊಡ್ಡ ಹೋಳನ್ನು ಎತ್ತಿ, ಬೆರಳಿನಿಂದ ತಟ್ಟಿ ನೋಡಿ, ಮೊರಕ್ಕೆ ಹಾಕಿಕೊಂಡರು.

"ಅಜ್ಜೀ, ಮುಟ್ಟಬ್ಯಾಡ್ರಿ!" ಎಂದು ಚಾಲಕ ಕೂಗಿದ.

"ಬಸ್ ಬಿಡಪ್ಪ ನೀನು. ಹೊತ್ತಾತು," ಎಂದರು ದೊಡ್ಡವ್ವ.

ಮೇಷ್ಟರು ಅಂದುಕೊಂಡರು: ತನ್ನ ಹುಡುಗನ ಪಾಪವನ್ನು ತನ್ನ ಮೈಮೇಲೆ ಎಳೆದುಕೊಳ್ಳುತ್ತಿದ್ದಾಳೆ! ಎಂಥ ಮುಗ್ಧ ಜೀವ! ಎಂಥ ಕುರುಡು ನಂಬಿಕೆ!

ರಾತ್ರಿ ಎಲೆಯ ಮುಂದೆ ಕುಳಿತಾಗ ದೊಡ್ಡವ್ವ ಸ್ವತಃ ಬಡಿಸಲು ಬಂದರು. ಪಾತ್ರೆಯಲ್ಲಿ ಬೂದುಗುಂಬಳದ ಮಜ್ಜಿಗೆಹುಳಿ. ಸೌಟನ್ನು ಎಲೆಯ ಮೇಲೆ ಹಿಡಿದು, ಇವರ ಮುಖವನ್ನೇ ನೋಡುತ್ತ ನಿಂತರು.

ಮೇಷ್ಟರು ಎಲೆಗೆ ಕೈ ಅಡ್ಡ ಹಿಡಿದರು. "ನನಗೆ ಬ್ಯಾಡ ದೊಡ್ಡವ್ವ."

"ಯಾಕೋ?"

"ಅದರ ಮ್ಯಾಲೆ ಗೆರೆ ಎಳೆದಿದ್ದೆ."

"ಸಿಪ್ಪೆ ತೆಗ್ದಿದೀನಿ ಕಣೋ."

"ಆದ್ರೂ ಬ್ಯಾಡ. ಬಿದ್ದಿದ್ದು ಎಲ್ಲಿ ನೋಡು. ಮೂರು ದಾರಿ ಕೂಡೋ ಜಾಗ. ಯಾರ್ಯಾರು ಏನೇನು ಹಾಕಿರ್ತಾರೋ!" ಅವರ ತಲೆಯಲ್ಲಿದ್ದದ್ದು ಸ್ಕೆಚ್ ಪೆನ್ನಿನ ರಾಸಾಯನಿಕ, ರಸ್ತೆಯ ಉಗುಳು, ಕೋಟ್ಯಂತರ ಸೂಕ್ಷ್ಮಾಣುಗಳು. ಬಾಯಿಗೆ ಬಂದದ್ದು ಮಾತ್ರ ಇಷ್ಟೇ.

ಸೌಟು ನಿಧಾನವಾಗಿ ಪಾತ್ರೆಗೆ ಮರಳಿತು. ದೊಡ್ಡವ್ವ ಮೂಲೆಯಲ್ಲಿ ಕುಳಿತು ತಾವೊಬ್ಬರೇ ಅದನ್ನು ಉಣ್ಣತೊಡಗಿದರು. ಅವರ ಕಣ್ಣು ಒದ್ದೆಯಾಗಿದ್ದುದನ್ನು ಕಂಡು ಮೀನಾಕ್ಷಿ ತಾನೂ ಒಂದು ಸೌಟು ಹಾಕಿಸಿಕೊಂಡಳು.

ಬೆಳಿಗ್ಗೆ ಎದ್ದಾಗ ದೊಡ್ಡವ್ವನ ಕೋಣೆ ಖಾಲಿ! ಕಂಬಳಿ ಇಲ್ಲ, ಗಂಟು ಇಲ್ಲ, ಎಲೆ ಅಡಿಕೆ ಚೀಲವಿಲ್ಲ.

"ಹೊರಕೆರೆದೇವಪುರದ ಬಸ್ಸಿಗೆ ಹೋಗವ್ರೆ," ಎಂದಳು ಮೀನಾಕ್ಷಿ, ಚಪ್ಪಲಿ ತಂದು ಮುಂದೆ ಹಾಕುತ್ತ. "ಹಟ್ಟೀಲಿ ಗೆಳತಿ ನಿಂಗಕ್ಕನ ಜೊತೆ ಇರ್ತೀನಿ, ಇನ್ನು ಈ ಮನೇಲಿ ಇರಾಕಾಗಲ್ಲ ಅಂದ್ರು. ನನ್ನ ಮಾತು ಕೇಳಲಿಲ್ಲ. ಹೋಗ್ರಿ. ಅವರಿಲ್ಲದೆ ಮನೆಗೆ ಬರಬ್ಯಾಡ್ರಿ."

ಮೇಷ್ಟರು ಓಡಿದರು. ಒಂದು ಕುಂಬಳಕಾಯಿಗೆ, ನಾಲ್ಕು ಸೊಟ್ಟ ಡಬ್ಬಕ್ಕೆ ಎತ್ತಿ ಆಡಿಸಿದವಳನ್ನೇ ಕಳೆದುಕೊಳ್ಳುವುದೆ? ಬಸ್ ನಿಲ್ದಾಣದಲ್ಲಿ ದೊಡ್ಡವ್ವ ಯಾರದೋ ಫೋನಿನಲ್ಲಿ ಮಾತಾಡಿ ಮುಗಿಸಿ, ಗಂಟನ್ನು ತೊಡೆ ಮೇಲಿಟ್ಟುಕೊಂಡು ಕಲ್ಲುಬೆಂಚಿನ ಮೇಲೆ ಕುಳಿತಿದ್ದರು. ಬಸ್ಸು ಗುರುಗುಡುತ್ತಿತ್ತು.

"ದೊಡ್ಡವ್ವ, ಮನೆಗೆ ಹೋಗಾಣ ಬಾ."

"ನಿಜ ಹೇಳ್ತೀಯ? ನೀನು ಯಾರ ತಾವಕ್ಕೂ ಹೋಗಿಲ್ಲ? ದಾರ ತಾಯತ ಏನೂ ಕಟ್ಟಿಸ್ಕಂಡಿಲ್ಲ?"

"ದೇವರಾಣೆ ಇಲ್ಲ ದೊಡ್ಡವ್ವ! ಮೈಲಾರಲಿಂಗನಾಣೆ!"

ಜೀವಮಾನದಲ್ಲಿ ಮೊದಲ ಬಾರಿಗೆ ಶಿವಕುಮಾರಪ್ಪನವರು ದೇವರ ಮೇಲೆ ಆಣೆ ಇಟ್ಟಿದ್ದರು. ಅದು ಫಲಿಸಬೇಕಿತ್ತು. ದೊಡ್ಡವ್ವನ ಮುಖ ಇನ್ನಷ್ಟು ಬಾಡಿತು. "ದೇವರಾಣೆ ಹಾಕೋ ಮಟ್ಟಕ್ಕೆ ಬಂದ್ಯಾ," ಎಂದು ಗಂಟು ಎತ್ತಿಕೊಂಡು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟೇಬಿಟ್ಟರು!

"ತಡಿ ದೊಡ್ಡವ್ವ! ಒಂದ್ನಿಮಿಷ! ನೋಡಿಲ್ಲಿ!"

ಮೇಷ್ಟರು ಜೇಬಿನಿಂದ ಪೆನ್ನನ್ನೂ ಒಂದು ಕಾಗದವನ್ನೂ ಕಿತ್ತು, ಕಾಗದವನ್ನು ಬಸ್ಸಿನ ಮೆಟ್ಟಿಲ ಮೇಲೆ ಹರಡಿ, ರಸ್ತೆಯಲ್ಲೇ ಮಂಡಿಯೂರಿದರು. ಭುಜ ಬಿಗಿಯಿತು. ಗಾಳಿಯಲ್ಲಿ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. "ಹತ್ತೋರು ಹತ್ರಿ, ಬರೆಯೋರು ಆಚೆ ಬರ್ಕಳ್ರಿ!" ಎಂದು ಕಂಡಕ್ಟರ್ ಕಿರುಚಿದ. ಪೆನ್ನು ಇಳಿಯಿತು. ಬಂದ ಆಕೃತಿಗೆ ಗಣಿತದಲ್ಲಿ ಹೆಸರಿಲ್ಲ. ಎಮ್ಮೆ ತುಳಿದ ಟೊಮ್ಯಾಟೊ ಎನ್ನಬಹುದಿತ್ತು.

ದೊಡ್ಡವ್ವ ಬಗ್ಗಿ ನೋಡಿದರು. "ಏನಿದು?"

"ದೀರ್ಘವೃತ್ತ."

"ಇಷ್ಟಕ್ಕೇನಾ ಅಷ್ಟು ದಿನ ಕೈ ಸುತ್ತಿಸ್ತಿದ್ದಿದ್ದು?"

"ಹೂಂ."

"ನಿನ್ನ ಗುರು ಯಾರು?"

"ದಿಲಾವರ್. ನಮ್ಮ ಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು."

"ಮೊಟ್ಟೆ, ನಿಂಬೆಹಣ್ಣು, ಕುಂಬಳಕಾಯಿ?"

"ನೋಡ್ಕಂಡು ಬರೆಯಾಕೆ."

"ಹಂಗಾದ್ರೆ ನನ್ನ ಮಜ್ಜಿಗೆಹುಳಿ ಯಾಕೆ ಉಣ್ಣಲಿಲ್ಲ?"

"ಸ್ಕೆಚ್ ಪೆನ್ನಿನ ಬಣ್ಣ ಹೊಟ್ಟೆಗೆ ಒಳ್ಳೇದಲ್ಲ ದೊಡ್ಡವ್ವ. ಮತ್ತೆ ಆ ರಸ್ತೆ ತುಂಬ ಉಗುಳಿರ್ತಾರೆ."

"ಅಷ್ಟೇನಾ? ಬ್ಯಾರೆ ಏನೂ ಅಲ್ಲ?"

"ಬ್ಯಾರೆ ಏನಿರ್ತೈತೆ?"

ದೊಡ್ಡವ್ವ ಮತ್ತೊಮ್ಮೆ ಟೊಮ್ಯಾಟೊ ಕಡೆ ನೋಡಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಆಮೇಲೆ ಇಡೀ ದೊಡ್ಡವ್ವ. ಬಸ್ಸಿನ ಕಂಬಿ ಹಿಡಿದು ನಕ್ಕರು, ಗಂಟನ್ನು ಇವರ ತಲೆಯ ಮೇಲಿಟ್ಟು ನಕ್ಕರು, ಮನೆಯ ತಿರುವಿನವರೆಗೂ ನಕ್ಕರು. ಮನೆಗೆ ಬಂದು ಮಿಕ್ಕ ಮಜ್ಜಿಗೆಹುಳಿ ಬಿಸಿ ಮಾಡಿ ಮುಂದಿಟ್ಟಾಗ, ಮೇಷ್ಟರು ಸೂಕ್ಷ್ಮಾಣುಗಳಿಗೆ ಮನಸ್ಸಿನಲ್ಲೇ ಕೈಮುಗಿದು ಎರಡು ಸಲ ಹಾಕಿಸಿಕೊಂಡರು. ಮೌಢ್ಯದ ಮೇಲೆ ಪ್ರತ್ಯಕ್ಷ ಪ್ರಮಾಣದ ಈ ದಿಗ್ವಿಜಯವನ್ನು ಮೀನಾಕ್ಷಿಗೆ ವರ್ಣಿಸಿದ್ದೇ ವರ್ಣಿಸಿದ್ದು!

ಆಮೇಲೆ ಸಂಜೆಯ ಸಾಧನೆಗೆ ದೊಡ್ಡವ್ವನೇ ಎದುರು ಕೂರತೊಡಗಿದರು. "ಭುಜ, ಭುಜ! ಮಣಿಕಟ್ಟು ಆಡ್ತಾ ಐತೆ!" ಎಂದು ಅಕ್ಕಿ ಆರಿಸುತ್ತಲೇ ಗದರುತ್ತಿದ್ದರು. ದಸರಾ ಹೊತ್ತಿಗೆ ಹಲಗೆಯ ಮೇಲಿನ ಹೃದಯ ಬದನೆಕಾಯಿಯ ಹಂತ ದಾಟಿ ಮಾವಿನಕಾಯಿಯ ಹಂತ ತಲುಪಿತು. ಒಂದು ಸಂಜೆ, ಏನೋ ನೆನಪಾಗಿ, ಮೇಷ್ಟರು ಪೆನ್ನು ಎತ್ತಿ ಹಿಡಿದೇ ಕೇಳಿದರು: "ದೊಡ್ಡವ್ವ, ಆಗ ಮೆಣಸಿನಕಾಯಿ ಒಲೆಗೆ ಹಾಕಿದ್ರೆ ಘಾಟು ಬರ್ತಿರ್ಲಿಲ್ಲವಲ್ಲ, ಯಾಕೆ?"

"ಅಷ್ಟೊಂದು ಓದಿದೀಯ. ನೀನೇ ಹೇಳು," ಎಂದು ದೊಡ್ಡವ್ವ ಮೊರ ಕೊಡವಿದರು.

ಸಂಕ್ರಾಂತಿ ಕಳೆದ ಮೇಲೆ, ಒಂದು ಮಧ್ಯಾಹ್ನ ಉಂಡು ಮಲಗಿದ ಬೋರಕ್ಕ ಏಳಲಿಲ್ಲ. ಹಟ್ಟಿಯಲ್ಲೇ ಮಣ್ಣು ಮಾಡಿದರು. ಬಹಳ ದಿನ ಮೇಷ್ಟರು ಪೆನ್ನು ಮುಟ್ಟಲಿಲ್ಲ. ಎದುರಿನ ಜಾಗ ಖಾಲಿಯಿರುವಾಗ ಭುಜ ಏಳುತ್ತಿರಲಿಲ್ಲ.

ತಿಥಿಯ ಊಟ ಮುಗಿದು ಬಂಧುಗಳು ಹಟ್ಟಿಯ ಚಪ್ಪರದ ಕೆಳಗೆ ಎಲೆ ಅಡಿಕೆ ಹಾಕುತ್ತ ಕುಳಿತಿದ್ದಾಗ ಮೇಷ್ಟರು ಎದ್ದು ನಾಲ್ಕು ಮಾತಾಡಿದರು. "ದೊಡ್ಡವ್ವನ ನಂಬಿಕೆಗಳೇ ಬೇರೆ, ನನ್ನ ದಾರಿಯೇ ಬೇರೆ. ದೃಷ್ಟಿ, ಮಾಟ ಅಂತ ಆಕೆ ಹೆದರುತ್ತಿದ್ದಳು. ನಾನು ಒಪ್ಪಲಿಲ್ಲ, ಆದರೆ ಆ ಮುಗ್ಧತೆಯನ್ನು ಗೌರವಿಸಿದೆ," ಎಂದು ದನಿ ನಡುಗಿಸಿ ಕುಳಿತರು.

ಕಂಬಕ್ಕೆ ಒರಗಿದ್ದ ನಿಂಗಕ್ಕ, ಬೋರಕ್ಕನ ಜೊತೆ ಒಂದೇ ಹಟ್ಟಿಯಲ್ಲಿ ಕುರಿ ಕಾಯ್ದು ಮುದುಕಿಯಾದವಳು, ಎಲೆಯ ರಸವನ್ನು ಪಕ್ಕಕ್ಕೆ ಉಗಿದು ಕೇಳಿದಳು: "ಯಾರು ಹೆದರ್ತಿದ್ದಿದ್ದು? ಬೋರಿನಾ?"

"ಹೌದಲ್ಲ ನಿಂಗಕ್ಕ. ನಾನು ಮಾಟ ಮಾಡಿಸ್ತೀನಿ ಅಂತ ತಿಳ್ಕಂಡು ಮನೆ ಬಿಟ್ಟು ಹೊಂಟಿದ್ಲು."

"ಲೇ ಶಿವ, ಅವತ್ತು ಬಸ್ ಸ್ಟ್ಯಾಂಡಿನಿಂದ ನನಗೇ ಫೋನ್ ಮಾಡಿದ್ದು ಅವಳು. ಏನಂದ್ಲು ಗೊತ್ತಾ? ‘ನಿಂಗೀ, ಓದ್ಸಿದ್ದು ದಂಡ ಆತು ಕಣೆ. ಹುಡುಗ ಮಾಟ-ಮಂತ್ರ ನಂಬಾಕೆ ಹತ್ತವ್ನೆ. ಜೇಬು ತಡಕಿದೆ, ತೋಳು ನೋಡ್ದೆ, ನಿಂಬೆಹಣ್ಣು ಎಣಿಸ್ದೆ. ಕೊನೀಗೆ ಕುಂಬಳಕಾಯಿ ಬೇಯ್ಸಿ ಇಕ್ಕಿ ಪರೀಕ್ಷೆ ಮಾಡ್ದೆ. ಹೆದರ್ಕಂಡು ಮುಟ್ಟಲಿಲ್ಲ ಕಣೆ. ಅಂಥೋನ ಮನೇಲಿ ನಾನು ಹೆಂಗಿರ್ಲಿ?’ ಅಂತ ಅತ್ಲು."

ಮೀನಾಕ್ಷಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುವೋ ನಗುವೋ ತಿಳಿಯಲಿಲ್ಲ.

"ಹಂಗಾದ್ರೆ ನನಗೆ ದಿನಾ ದೃಷ್ಟಿ ತೆಗೀತಿದ್ದಿದ್ದು?" ಮೇಷ್ಟರ ದನಿ ಈಗ ನಿಜವಾಗಿಯೂ ನಡುಗಿತು.

"ತಾಯಿಲ್ಲದ ಕೂಸು, ಒಂದು ಗಳಿಗೆ ನಿಂತಲ್ಲಿ ನಿಲ್ತಿರ್ಲಿಲ್ಲ ನೀನು. ದೃಷ್ಟಿ ತೆಗೀತೀನಿ ಅಂದ್ರೆ ಮಾತ್ರ ಕಲ್ಲಿನಂಗೆ ಕುಂತ್ಕಂತಿದ್ದೆ. ಆ ಮೂರು ಸುತ್ತು ಮುಗಿಯೋದ್ರೊಳಗೆ ಮುಖ ನೋಡ್ಕಂತಿದ್ಲು. ಜ್ವರ ಬಂದೈತಾ, ಬಿದ್ದಿದೀಯಾ, ಯಾರಾದ್ರೂ ಅಳ್ಸಿದಾರಾ ಅಂತ."

ಮೇಷ್ಟರು ಕೊನೆಯ ಹುಲ್ಲುಕಡ್ಡಿ ಹಿಡಿದರು. "ಆದ್ರೆ ನಿಂಗಕ್ಕ, ಘಾಟು! ಘಾಟು ಬರ್ತಿರ್ಲಿಲ್ಲ! ನಾನೇ ಕಣ್ಣಾರೆ ನೋಡಿದೀನಿ!"

"ಒಲೆಗೆ ಬೀಳ್ತಿದ್ದಿದ್ದು ಉಪ್ಪೊಂದೇ ಕಣಪ್ಪ," ಎಂದಳು ನಿಂಗಕ್ಕ. "ಮೆಣಸಿನಕಾಯಿ ಸೆರಗಿನಾಗೆ ಇಳೀತಿತ್ತು. ಒಳ್ಳೆ ಬ್ಯಾಡಗಿ ಕಾಯಿ ಯಾರು ಸುಡ್ತಾರೆ ಅಂತ, ರಾತ್ರಿ ಅದ್ನೇ ಸಾರಿಗೆ ಅರೀತಿದ್ಲು. ನೀನೇ ಸೊರ್ ಅಂತ ಉಣ್ತಿದ್ದೆ."